ಗ್ರೈಂಡರ್ ಹಿಡಿಯುವ ಮುಂಚೆ ಇದನ್ನೊಮ್ಮೆ ಓದಿ
ಆ್ಯಂಗಲ್ ಗ್ರೈಂಡರ್ (ತಿರುಗುವ ಡಿಸ್ಕ್‌ನಿಂದ ಕಬ್ಬಿಣ ಕತ್ತರಿಸುವ, ಉಜ್ಜುವ ಕೈ ಮೆಷಿನ್) ಬಳಸುವವರೆಲ್ಲ ದಯವಿಟ್ಟು ಗಾರ್ಡ್, ಅಂದರೆ ಡಿಸ್ಕ್ ಸುತ್ತ ಇರುವ ರಕ್ಷಣಾ ಕವಚ, ಬಿಚ್ಚಬೇಡಿ. ಕೆಲಸಕ್ಕೆ ಅಡ್ಡ ಬರುತ್ತೆ ಅಂತ ತುಂಬಾ ಜನ ತೆಗೆದಿಡುತ್ತಾರೆ, ಆದರೆ 4 ಇಂಚಿನ ಡಿಸ್ಕ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತಿರುತ್ತದೆ, ಅದು ಒಡೆದರೆ ಚೂರು ಯಾವ ಕಡೆ ಹಾರುತ್ತೆ ಅಂತ ನೋಡುವಷ್ಟೂ ಸಮಯ ಇರಲ್ಲ.

ಹೊಸ ಡಿಸ್ಕ್ ಹಾಕುವಾಗ ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಸ್ಕ್ ಮೇಲೆ ಬರೆದಿರುವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು) ಮೆಷಿನ್‌ದಕ್ಕಿಂತ ಕಡಿಮೆ ಇದ್ದರೆ ಹಾಕಲೇಬೇಡಿ. ಸಣ್ಣ ಬಿರುಕು ಕಂಡರೂ ಎಸೆದುಬಿಡಿ. ಹಾಕಿದ ಮೇಲೆ ಒಂದು ನಿಮಿಷ ಸುಮ್ನೆ ಓಡಿಸಿ, ಡಿಸ್ಕ್‌ನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ನಿಂತುಕೊಳ್ಳಿ.

ಜಾಸ್ತಿ ಪೆಟ್ಟಾಗುವುದು ಡಿಸ್ಕ್ ಸಿಕ್ಕಿಹಾಕಿಕೊಂಡಾಗ. ಕಬ್ಬಿಣದ ಪಟ್ಟಿಯನ್ನು ಎರಡೂ ತುದಿಗೆ ಆಧಾರ ಕೊಟ್ಟು ನಡುವೆ ಕತ್ತರಿಸಿದರೆ, ಮುಗಿಯುವ ಹೊತ್ತಿಗೆ ಅದು ಬಾಗಿ ಡಿಸ್ಕನ್ನು ಕಚ್ಚಿಕೊಳ್ಳುತ್ತದೆ, ಆಗ ಮೆಷಿನ್ ಒಮ್ಮೆಲೇ ಮೈಮೇಲೆ ಎಗರುತ್ತದೆ. ನನಗೂ ಹಾಗೇ ಆಗಿತ್ತು, ಪಕ್ಕದ ಹಿಡಿ ಬಿಗಿಯಾಗಿ ಹಿಡಿದಿದ್ದರಿಂದ ಮುಖ ಉಳಿಯಿತು. ಅದಕ್ಕೇ ಕತ್ತರಿಸಿ ಬೀಳುವ ತುದಿಗೆ ಆಧಾರ ಬೇಡ, ತಾನಾಗಿ ಕೆಳಗೆ ಜೋತುಬೀಳಲಿ. ಎರಡೂ ಕೈ ಮೆಷಿನ್ ಮೇಲೇ ಇರಲಿ.

ಕಟಿಂಗ್ ಡಿಸ್ಕ್‌ನ ಪಕ್ಕದಿಂದ ಉಜ್ಜಬೇಡಿ, ಅದು ತೆಳ್ಳಗಿರುತ್ತದೆ, ಒಡೆಯುತ್ತದೆ. ಸಡಿಲ ತೋಳಿನ ಅಂಗಿ, ಶಾಲು ಬೇಡವೇ ಬೇಡ. ಸೇಫ್ಟಿ ಕನ್ನಡಕದ ಜೊತೆಗೆ ಫೇಸ್ ಶೀಲ್ಡೂ ಇರಲಿ. ಆಫ್ ಮಾಡಿದ ಮೇಲೂ ಡಿಸ್ಕ್ ಕೆಲವು ಸೆಕೆಂಡ್ ತಿರುಗುತ್ತಲೇ ಇರುತ್ತದೆ ಅಲ್ವಾ, ಪೂರ್ತಿ ನಿಂತ ಮೇಲೆಯೇ ಕೆಳಗಿಡಿ.