ಎಮ್ಮೆ ಮೂಳೆಯ ಬಿಲ್ಲೆ ಮೇಲೆ ಆಸ್ಟಿಯೋಕ್ಲಾಸ್ಟ್: ನನ್ನ ಅನುಭವ

ರೋಗಿಯ ರಕ್ತದಿಂದ ಆಸ್ಟಿಯೋಕ್ಲಾಸ್ಟ್ (ಮೂಳೆಯನ್ನು ಕರಗಿಸುವ ಕೋಶ) ಬೆಳೆಸಿ, ಅವು ನಿಜವಾದ ಮೂಳೆಯನ್ನು ಕೊರೆಯುತ್ತವೋ ಇಲ್ಲವೋ ಎಂದು ನೋಡುವ ಪರೀಕ್ಷೆ ಕಡೆಗೂ ನಮ್ಮ ಕೈಗೆ ಹತ್ತಿದೆ. ಸುಮಾರು ಒಂದು ವರ್ಷದಿಂದ ಹತ್ತರಲ್ಲಿ ಎಂಟೊಂಬತ್ತು ಸಲ ಸರಿಯಾಗಿ ಬರುತ್ತಿದೆ. ಶುರು ಮಾಡಿದಾಗ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ನಮ್ಮಂಥ ಸಣ್ಣ ಲ್ಯಾಬಿನಲ್ಲಿ ಇದೆಲ್ಲ ಆಗಲ್ಲ. ಸುಮ್ನೆ ಪುಣೆಯ ಎನ್‌ಸಿಸಿಎಸ್‌ನಿಂದ ರಾ 264.7 ತರಿಸಿಕೊಂಡು ಇಲಿ ಕೋಶದಲ್ಲೇ ಮಾಡಿ ಮುಗಿಸಿ." ಎನ್‌ಸಿಸಿಎಸ್ ಅಂದರೆ ಕೋಶಗಳ ಬ್ಯಾಂಕ್ ಇರುವ ಸಂಸ್ಥೆ, ರಾ 264.7 ಅಂದರೆ ಲ್ಯಾಬಿನಲ್ಲಿ ಸದಾ ಬೆಳೆಯುವ ಇಲಿಯ ಕೋಶ. ರಾ ಕೋಶದ ಬಗ್ಗೆ ನನಗೆ ತಕರಾರಿಲ್ಲ. ಎಂ-ಸಿಎಸ್‌ಎಫ್ (ಕೋಶವನ್ನು ಬದುಕಿಸಿ ಬೆಳೆಸುವ ಪ್ರೋಟೀನ್) ಬೇಡ, ರ‍್ಯಾಂಕ್‌ಎಲ್ (ಆಸ್ಟಿಯೋಕ್ಲಾಸ್ಟ್ ಹುಟ್ಟಿಸುವ ಪ್ರೋಟೀನ್) ಹಾಕಿದರೆ ಒಂದು ವಾರದೊಳಗೆ ದೊಡ್ಡ ದೊಡ್ಡ ಕೋಶ ಸಿಗುತ್ತವೆ. ಆದರೆ ನನಗೆ ಬೇಕಿದ್ದದ್ದು ಎದುರಿಗೆ ಇರುವ ಮಗುವಿನ ಕೋಶ ಏನು ಮಾಡುತ್ತದೆ ಎಂಬ ಉತ್ತರ. ಅದನ್ನು ಇಲಿ ಕೋಶ ಕೊಡೋದಿಲ್ಲ.

ಮಗು ಅಂದರೆ ಆಸ್ಟಿಯೋಪೆಟ್ರೋಸಿಸ್, ಅಂದರೆ ಮೂಳೆ ಕರಗದೆ ಬೆಳೆಯುತ್ತಲೇ ಹೋಗುವ ಹುಟ್ಟು ಕಾಯಿಲೆ ಇರುವ ಮಗು. ನಮ್ಮ ಕಡೆ ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆ ಜಾಸ್ತಿ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೇ ದೋಷ ಅಡಗಿರುವ ಸಾಧ್ಯತೆಯೂ ಅಷ್ಟೇ ಜಾಸ್ತಿ. ಮಜ್ಜೆಯ ಜಾಗವನ್ನೆಲ್ಲ ಮೂಳೆ ತುಂಬಿಕೊಳ್ಳುತ್ತದೆ, ರಕ್ತ ಕಡಿಮೆಯಾಗುತ್ತದೆ, ಕಣ್ಣಿನ ನರ ಹೋಗುವ ದಾರಿ ಕಿರಿದಾಗುತ್ತದೆ. ಅಸ್ಥಿಮಜ್ಜೆ ಕಸಿ ಮಾಡುವುದಾದರೆ ದೃಷ್ಟಿ ಹೋಗುವ ಮುಂಚೆಯೇ ಮಾಡಬೇಕು. ಹೋದ ದೃಷ್ಟಿಯನ್ನು ಕಸಿ ವಾಪಸ್ ತರುವುದಿಲ್ಲ. ತೀವ್ರ ಬಗೆಯಲ್ಲಿ ಸುಮಾರು ಅರ್ಧ ಮಕ್ಕಳಲ್ಲಿ ದೋಷ ಇರುವುದು ಟಿಸಿಐಆರ್‌ಜಿ1 ಜೀನ್‌ನಲ್ಲಿ, ಅಂದರೆ ಆಸ್ಟಿಯೋಕ್ಲಾಸ್ಟ್ ಆಮ್ಲ ಸುರಿಸುವ ಪ್ರೋಟಾನ್ ಪಂಪಿನಲ್ಲಿ. ಇವರಲ್ಲಿ ಕೋಶ ಹುಟ್ಟುತ್ತದೆ, ಮೂಳೆ ಕೊರೆಯುವುದಿಲ್ಲ. ರ‍್ಯಾಂಕ್‌ಎಲ್ ಜೀನ್ ಕೆಟ್ಟಿದ್ದರೆ ಕತೆಯೇ ಬೇರೆ. ಮಗುವಿನ ಮೂಳೆಯಲ್ಲಿ ಆಸ್ಟಿಯೋಕ್ಲಾಸ್ಟ್ ಕಾಣುವುದೇ ಇಲ್ಲ. ಆದರೆ ಅದೇ ರಕ್ತಕ್ಕೆ ನಾವು ಹೊರಗಿನಿಂದ ರ‍್ಯಾಂಕ್‌ಎಲ್ ಕೊಟ್ಟರೆ ಕೋಶ ಚೆನ್ನಾಗಿ ಬೆಳೆಯುತ್ತದೆ. ಕೊರತೆ ರಕ್ತದ ಕೋಶದ್ದಲ್ಲ, ಹಾಗಾಗಿ ಅಂಥ ಮಗುವಿಗೆ ಮಜ್ಜೆ ಕಸಿಯಿಂದ ಉಪಯೋಗವಿಲ್ಲ. ಇಷ್ಟು ದೊಡ್ಡ ನಿರ್ಧಾರಕ್ಕೆ ಕೋಶ ಬೆಳೆಸುವ ಒಂದು ತಟ್ಟೆ ದಾರಿ ತೋರಿಸುತ್ತದೆ ಎಂದರೆ ಬಿಡೋದು ಹೇಗೆ?

ಮೊದಲ ಅಡ್ಡಿ ಬಿಲ್ಲೆಯದು, ಅಂದರೆ ಕೋಶಕ್ಕೆ ಕೊರೆಯಲು ಕೊಡುವ ತೆಳು ಚೂರಿನದು. 1984ರಲ್ಲಿ ಲಂಡನ್ನಿನಲ್ಲಿ ಬಾಯ್ಡ್ ಮತ್ತು ಚೇಂಬರ್ಸ್ ತಂಡಗಳು ಕೋಶ ಕೊರೆದ ಗುಂಡಿ ನೋಡುವ ಈ ಪರೀಕ್ಷೆ ತೋರಿಸಿಕೊಟ್ಟಾಗಿನಿಂದ ಹೊರದೇಶದ ಬಹಳ ಲ್ಯಾಬುಗಳು ದಂತದ ಬಿಲ್ಲೆ ಬಳಸುತ್ತ ಬಂದಿವೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಆನೆ ದಂತದ ಮಾತೇ ಎತ್ತುವ ಹಾಗಿಲ್ಲ. ಹೊರಗಿನಿಂದ ಸಿದ್ಧ ಮೂಳೆ ಬಿಲ್ಲೆ ತರಿಸಲು ಒಂದು ಸಣ್ಣ ಡಬ್ಬಿಗೆ, ಸಾಗಣೆ ಕಸ್ಟಮ್ಸ್ ಎಲ್ಲ ಸೇರಿ, ನಲವತ್ತು ಸಾವಿರದ ಹತ್ತಿರ ಲೆಕ್ಕ ಕೊಟ್ಟರು. ಎಮ್ಮೆ ಮಾಂಸದ ಪರವಾನಗಿ ಅಂಗಡಿಯಲ್ಲಿ ತೊಡೆ ಮೂಳೆ ಇನ್ನೂರು ರೂಪಾಯಿಗೆ ಸಿಗುತ್ತದೆ. ಒಂದು ಮೂಳೆಯಿಂದ ಕಡಿಮೆ ಎಂದರೂ ಮುನ್ನೂರು ಬಿಲ್ಲೆ ಬರುತ್ತವೆ.

ಕೊಯ್ಯುವುದಕ್ಕೆ ಭೂಗರ್ಭಶಾಸ್ತ್ರದವರ ಕಲ್ಲು ಸೀಳುವ ಯಂತ್ರ ಬಳಸಿದೆವು, ಸಣ್ಣ ವಜ್ರದ ಅಲಗು ಇರುವಂಥದ್ದು. ವೇಗ ಪೂರ್ತಿ ಇಳಿಸಬೇಕು, ನೀರು ನಿಲ್ಲದೆ ತೊಟ್ಟಿಕ್ಕುತ್ತಿರಬೇಕು. ಸುಟ್ಟ ಕೂದಲಿನ ವಾಸನೆ ಬಂತೆಂದರೆ ಆ ಸೀಳು ಬಿಸಾಡಿ. ಕೊಲಾಜನ್ ಬೆಂದಿದೆ ಎಂದರ್ಥ. 200 ಮೈಕ್ರಾನ್‌ಗಿಂತ ದಪ್ಪ ಬೇಡ. ಆ ದಪ್ಪಕ್ಕೆ ಬಂದ ಪಟ್ಟಿ ಒದ್ದೆ ಇರುವಾಗಲೇ ಆಫೀಸಿನ ಪೇಪರ್ ಪಂಚ್‌ನಲ್ಲಿ ಒತ್ತಿದರೆ ಗುಂಡನೆಯ ಬಿಲ್ಲೆ ಬೀಳುತ್ತದೆ, 96 ವೆಲ್ (ಕೋಶ ಬೆಳೆಸುವ ಪುಟ್ಟ ಬಟ್ಟಲು) ಇರುವ ತಟ್ಟೆಗೆ ಹೇಳಿ ಮಾಡಿಸಿದ ಅಳತೆ. ಪಂಚ್ ವರ್ಷಕ್ಕೆ ಎರಡು ಮೂರು ಮೊಂಡಾಗುತ್ತವೆ, ಹೋಗಲಿ. ಎಮ್ಮೆ ಮೂಳೆಯಲ್ಲಿ ಜಿಡ್ಡು ಜಾಸ್ತಿ. ಶಬ್ದದ ಅಲೆಯಿಂದ ತೊಳೆಯುವ ಸೋನಿಕೇಟರ್, ಆಲ್ಕೋಹಾಲ್ ಎಲ್ಲ ನಿಮಗೆ ಗೊತ್ತಿರುವುದೇ. ಆದರೆ ಜಿಡ್ಡು ತೆಗೆಯುವ ನಮ್ಮ ಕ್ರಮ ಮತ್ತು ಕಡೆಯ ಪಾಲಿಶ್ ಕಾಗದ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ನನ್ನ ವಿದ್ಯಾರ್ಥಿನಿಯ ಪ್ರಬಂಧ ಅಚ್ಚಾಗಲಿ, ಆಮೇಲೆ ಕೇಳಿದವರಿಗೆಲ್ಲ ಹೇಳುತ್ತೇನೆ.

ದುಡ್ಡು ಕರಗಿದ್ದು ಕೋಶದ ಆಹಾರಕ್ಕೆ ಬೆರೆಸುವ ಸೀರಮ್ ಮತ್ತು ರ‍್ಯಾಂಕ್‌ಎಲ್‌ನಲ್ಲಿ. 10 ಮೈಕ್ರೋಗ್ರಾಂ ರ‍್ಯಾಂಕ್‌ಎಲ್‌ಗೆ ಆಗ ಮೂವತ್ತು ಸಾವಿರದ ಆಸುಪಾಸು ಕೊಟ್ಟ ನೆನಪು. ಮಿಲಿಲೀಟರಿಗೆ 50 ನ್ಯಾನೋಗ್ರಾಂನಂತೆ, ವಾರಕ್ಕೆರಡು ಸಲ ಮೀಡಿಯಂ (ಕೋಶ ಬೆಳೆಯುವ ದ್ರವ) ಬದಲಿಸಿದರೆ ನೂರೈವತ್ತು ವೆಲ್‌ಗೆ ಸಾಕಾಗುತ್ತದೆ. ಒಂದು ಸಲ ಕೊರಿಯರ್‌ನವರು ಡಬ್ಬಿಯನ್ನು ಗೋದಾಮಿನಲ್ಲಿ ಇಟ್ಟುಕೊಂಡು ಸೋಮವಾರ ತಂದುಕೊಟ್ಟರು. ಐಸ್ ಪೂರ್ತಿ ಕರಗಿತ್ತು. ಅದರಿಂದ ಒಂದೇ ಒಂದು ಬಹುಕೇಂದ್ರ ಕೋಶ (ಹಲವು ಕೋಶ ಬೆಸೆದು ಆಗುವ ಆಸ್ಟಿಯೋಕ್ಲಾಸ್ಟ್) ಹುಟ್ಟಲಿಲ್ಲ, ಹಣವೂ ವಾಪಸ್ ಬರಲಿಲ್ಲ. ಸೀರಮ್ ಇನ್ನೂ ಕಷ್ಟ. ಒಂದೇ ಕಂಪನಿಯ ಒಂದು ಬ್ಯಾಚ್‌ನಲ್ಲಿ ಕೋಶ ಸೊಗಸಾಗಿ ಬೆಸೆದುಕೊಳ್ಳುತ್ತವೆ, ಮುಂದಿನ ಬ್ಯಾಚ್‌ನಲ್ಲಿ ಬೆಸೆಯದೆ ಒಂಟಿಯಾಗಿ ಉಳಿದ ಬರೀ ಮ್ಯಾಕ್ರೋಫೇಜ್ ಕೋಶ. ಈಗ ಮೊದಲು ನಾಲ್ಕೈದು ಬ್ಯಾಚ್‌ಗಳ ಸ್ಯಾಂಪಲ್ ತರಿಸಿ, ಆಸ್ಟಿಯೋಕ್ಲಾಸ್ಟ್ ಅನ್ನು ಕೆಂಪಾಗಿಸುವ ಟ್ರ್ಯಾಪ್ ಬಣ್ಣ ಹಾಕಿ, ಮೂರಕ್ಕಿಂತ ಜಾಸ್ತಿ ಕೇಂದ್ರ ಇರುವ ಕೆಂಪು ಕೋಶ ಎಣಿಸಿ, ಗೆದ್ದ ಬ್ಯಾಚ್ ಅನ್ನು ಎರಡು ವರ್ಷಕ್ಕಾಗುವಷ್ಟು ಕೊಂಡು ಫ್ರೀಜರಿನಲ್ಲಿ ಇಡುತ್ತೇವೆ. ಒಂದೇ ಸಲಕ್ಕೆ ದೊಡ್ಡ ಮೊತ್ತ, ಅಕೌಂಟ್ಸ್‌ನವರ ಜೊತೆ ವಾದ ಮಾಡಬೇಕಾಗುತ್ತದೆ. ಮಾಡಿ, ಬಿಡಬೇಡಿ.

ಆಸ್ಟಿಯೋಕ್ಲಾಸ್ಟ್ ಆಗಬಲ್ಲ ರಕ್ತಕೋಶಗಳನ್ನು ಆರಿಸಿ ಹಿಡಿಯುವ ಸಿಡಿ14 ಕಾಂತಮಣಿ ನಾವು ಕೊಳ್ಳುವುದಿಲ್ಲ. ಮಗುವಿನಿಂದ ಸಿಗುವುದೇ ಮೂರು ನಾಲ್ಕು ಮಿಲಿಲೀಟರ್ ರಕ್ತ. ಫೈಕಾಲ್ (ರಕ್ತಕೋಶಗಳನ್ನು ಪದರವಾಗಿಸುವ ದ್ರವ) ಮೇಲೆ ಬೇರ್ಪಡಿಸಿ, ನೇರ ಬಿಲ್ಲೆ ಮೇಲೆ ಕೂರಿಸಿ, ಮಾರನೇ ದಿನ ಅಂಟದವನ್ನು ತೊಳೆದರೆ ಸಾಕು. ರಕ್ತವನ್ನು ಐಸಿನಲ್ಲಿ ಮಾತ್ರ ಕಳಿಸಬಾರದು. ತಣ್ಣಗಾದ ರಕ್ತ ಫೈಕಾಲ್ ಮೇಲೆ ಸರಿಯಾಗಿ ಪದರ ಕಟ್ಟುವುದಿಲ್ಲ, ನಮಗೆ ಬೇಡದ ಬಿಳಿ ರಕ್ತಕೋಶ ನ್ಯೂಟ್ರೋಫಿಲ್ ಬೆರೆತು ಬರುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಟ್ಯೂಬಿನಲ್ಲಿ, ಕೋಣೆಯ ತಾಪದಲ್ಲಿ, ರಾತ್ರಿ ಬಸ್ಸಿನಲ್ಲಿ ಬಂದ ರಕ್ತ ನಮ್ಮಲ್ಲಿ ಚೆನ್ನಾಗಿಯೇ ಕೆಲಸ ಮಾಡಿದೆ.

ತಲೆ ಕೆಡಿಸಿದ್ದು ಇದ್ಯಾವುದೂ ಅಲ್ಲ, ಬೇಸಿಗೆ. ಸತತ ಹಲವು ತಟ್ಟೆಗಳಲ್ಲಿ ಆರೋಗ್ಯವಂತ ದಾನಿಗಳ ಕೋಶವೇ ದಪ್ಪಗೆ, ಕೆಂಪಗೆ, ಹತ್ತಿಪ್ಪತ್ತು ಕೇಂದ್ರ ತುಂಬಿಕೊಂಡು ಕೂತಿದ್ದವು. ಬಿಲ್ಲೆಯಲ್ಲಿ ಗುಂಡಿ ಮಾತ್ರ ಇಲ್ಲ. ಇದರ ಅಪಾಯ ಗೊತ್ತಾಯಿತಲ್ವಾ? ಟಿಸಿಐಆರ್‌ಜಿ1 ಕೆಟ್ಟ ಮಗುವಿನ ತಟ್ಟೆಯೂ ಥೇಟ್ ಹೀಗೇ ಕಾಣುತ್ತದೆ. "ನೋಡಿ, ನಾವು ಹೇಳಿರಲಿಲ್ವಾ" ಎಂದವರು ಆಗಲೇ ಜಾಸ್ತಿ. ಉತ್ತರ ಸಿಕ್ಕಿದ್ದು ಕರೆಂಟಿನಲ್ಲಿ. ಮಧ್ಯಾಹ್ನ ವಿದ್ಯುತ್ ಹೋದಾಗ ಜನರೇಟರ್ ಹತ್ತುವವರೆಗೆ, ಕೋಶ ಬೆಳೆಸುವ ಪೆಟ್ಟಿಗೆಯಾದ ಇನ್‌ಕ್ಯುಬೇಟರ್ ತಾಪ ಹೇಗೋ ನಿಲ್ಲುತ್ತಿತ್ತು. ಇಂಗಾಲದ ಡೈಆಕ್ಸೈಡ್ ಮಟ್ಟ ಮಾತ್ರ ಇಳಿದು, ಮೇಲೇರಲು ತುಂಬ ಹೊತ್ತು ಹಿಡಿಯುತ್ತಿತ್ತು. ಮೀಡಿಯಂನ ಪಿಎಚ್ 7.4 ದಾಟುತ್ತಿತ್ತು, ಅಂದರೆ ಅದರ ಹುಳಿ ಕಡಿಮೆಯಾಗುತ್ತಿತ್ತು. ಆಸ್ಟಿಯೋಕ್ಲಾಸ್ಟ್ ಆ ಪಿಎಚ್‌ನಲ್ಲಿ ಬದುಕಿರುತ್ತದೆ, ಕೊರೆಯುವುದಿಲ್ಲ. ಕೊರೆಯಲು ಅದಕ್ಕೆ ಹುಳಿ ಬೇಕು, 7.0ರ ಹತ್ತಿರ. ಸಂಶೋಧಕ ಟಿಮ್ ಆರ್ನೆಟ್ ಇದನ್ನು ಎಷ್ಟೋ ವರ್ಷದ ಹಿಂದೆಯೇ ತೋರಿಸಿದ್ದಾರೆ. ಆದರೆ ಓದಿದ್ದಕ್ಕೂ ನಮ್ಮ ಮೇ ತಿಂಗಳ ಕರೆಂಟಿಗೂ ಸಂಬಂಧ ಕಾಣಲು ಸಮಯ ಹಿಡಿಯಿತು.

ಈಗ ಮಾಡುವುದು ಇಷ್ಟು. ಇನ್‌ಕ್ಯುಬೇಟರಿಗೆ ಅದರದ್ದೇ ಯುಪಿಎಸ್. ತಟ್ಟೆಯ ಅಂಚಿನ ವೆಲ್‌ಗಳಲ್ಲಿ ಬರೀ ಶುದ್ಧ ನೀರು. ಕೋಶ ಪೂರ್ತಿ ಬೆಸೆದುಕೊಂಡ ಮೇಲೆ, ಕಡೆಯ ಕೆಲವು ದಿನ, ಮೀಡಿಯಂಗೆ ಲೀಟರಿಗೆ 10ರಿಂದ 15 ಮಿಲಿಮೋಲ್ ಹೈಡ್ರೋಕ್ಲೋರಿಕ್ ಆಮ್ಲ. ಮೊದಲೇ ಹಾಕಿದರೆ ಕೋಶ ಚೆನ್ನಾಗಿ ಬೆಳೆಯುವುದಿಲ್ಲ. ಸರಿಯಾದ ದಿನ ಗುರುತಿಸಲು ನಾವು ಕೋಶದ ಅಂಚಿನಲ್ಲಿ ಒಂದು ಚಿಹ್ನೆ ನೋಡುತ್ತೇವೆ, ಅದೂ ಪ್ರಬಂಧದ ಪಾಲು.

ಕೋಶವನ್ನು ಅಮೋನಿಯಾದಲ್ಲಿ ಸೋನಿಕೇಟ್ ಮಾಡಿ ತೆಗೆದು, ಟೊಲ್ಯುಡಿನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ, ಮೇಲಿನಿಂದ ಬೆಳಕು ಬಿಟ್ಟು ನೋಡಿ. ತಿಳಿ ನೀಲಿಯ ನುಣ್ಣನೆ ಮೂಳೆಯ ಮೇಲೆ ಕಡು ನೀಲಿ ಗುಂಡಿಗಳು. ಕೆಲವು ಒಂಟಿ ಬೋಗುಣಿ, ಕೆಲವು ಕೋಶ ಕೊರೆಯುತ್ತಲೇ ಸರಿದು ಹೋದ ಉದ್ದ ಕಾಲುವೆ. ಅಲಗಿನ ಗೀರು ನೇರವಾಗಿರುತ್ತದೆ, ಸಮಾನಾಂತರವಾಗಿರುತ್ತದೆ. ಕಾಲುವೆ ಎಂದೂ ನೇರ ಹೋಗುವುದಿಲ್ಲ. ಕರಗಿದ ಮೂಳೆಯ ಕೊಲಾಜನ್ ಚೂರು ಅಳೆಯುವ ಸಿಟಿಎಕ್ಸ್ ಎಲೈಸಾ ಕಿಟ್ಟಿಗೆ ಎಪ್ಪತ್ತು ಸಾವಿರ ಸುರಿಯುವ ಬದಲು ಒಂದು ಚಿತ್ರ, ಒಂದು ಎಣಿಕೆ ಸಾಕಾಯಿತು.

ನಡುವೆ ಬೇರೆ ಆಟಗಳೂ ನಡೆದವು. ಸಾಲ್ಮನ್ ಮೀನಿನ ಕ್ಯಾಲ್ಸಿಟೋನಿನ್ ಹಾರ್ಮೋನ್ ಹಾಕಿದರೆ ಓಡಾಡುವ ಆಸ್ಟಿಯೋಕ್ಲಾಸ್ಟ್ ನಿಮಿಷಗಳಲ್ಲಿ ಸ್ತಬ್ಧವಾಗುತ್ತದೆ. ಇದನ್ನು ತೋರಿಸಲು ಔಷಧ ಅಂಗಡಿಯ ಮೂಗಿನ ಸ್ಪ್ರೇ ಅಗ್ಗ ಅಲ್ವಾ ಎಂದು ಪರೀಕ್ಷಿಸಿದೆವು. ಅದು ಕೆಡದಿರಲೆಂದು ಹಾಕುವ ಬೆಂಜಾಲ್ಕೋನಿಯಂ ಕೋಶಗಳನ್ನೇ ಕೊಂದಿತು, ಶುದ್ಧ ಪೆಪ್ಟೈಡ್ ಕೊಳ್ಳಲೇಬೇಕು. ಪಾವಗಡ, ಬಾಗೇಪಲ್ಲಿ ಕಡೆಯ ನೀರು ನೆನಪಾಗಿ ಫ್ಲೋರೈಡ್‌ನಲ್ಲಿ ನೆನೆಸಿದ ಬಿಲ್ಲೆಗಳನ್ನೂ ಇಟ್ಟು ನೋಡಿದೆವು. ನೆನೆಸಿದರೆ ಮೇಲ್ಮೈ ಮಾತ್ರ ಬದಲಾಗುತ್ತದೆ. ವರ್ಷಗಟ್ಟಲೆ ಕುಡಿದ ನೀರಿನಿಂದ ಮೂಳೆ ಕಟ್ಟುವಾಗಲೇ ಹರಳಿನೊಳಗೆ ಸೇರುವ ಫ್ಲೋರೈಡ್‌ಗೆ ಅದು ಸಮ ಅಲ್ಲ. ಆ ಕೆಲಸಕ್ಕೆ ಆ ಊರುಗಳ ದನದ ಮೂಳೆಯೇ ಬೇಕು. ಆಸೆ ಇನ್ನೂ ಇದೆ.

ಎಥಿಕ್ಸ್ ಸಮಿತಿ ಒಪ್ಪಿಗೆ ಸಿಕ್ಕ ಮೇಲೆ ಬಂದ ಮೊದಲ ಮಗುವಿನ ಬಿಲ್ಲೆಗಳಲ್ಲಿ ಕೋಶ ತುಂಬಿತ್ತು, ಗುಂಡಿ ಇರಲಿಲ್ಲ. ಅದೇ ತಟ್ಟೆಯ ಪಕ್ಕದ ಸಾಲಿನಲ್ಲಿ ಆರೋಗ್ಯವಂತರೊಬ್ಬರ ಕೋಶ ಕಾಲುವೆ ತೋಡಿತ್ತು. ಪಂಪಿನ ದೋಷ ಇರಬೇಕು ಎಂದು ಬರೆದುಕೊಟ್ಟೆ. ಕೆಲವು ವಾರದ ಮೇಲೆ ಜೀನ್ ವರದಿ ಬಂತು, ಟಿಸಿಐಆರ್‌ಜಿ1. ಆಗಲ್ಲ ಎಂದಿದ್ದವರಲ್ಲಿ ಇಬ್ಬರು ಈಗ ಬಿಲ್ಲೆ ಕೇಳಿದ್ದಾರೆ, ಕೊಟ್ಟಿದ್ದೇನೆ. ರ‍್ಯಾಂಕ್‌ಎಲ್ ದೋಷದ ಮಗು ನಮ್ಮಲ್ಲಿಗೆ ಇನ್ನೂ ಬಂದಿಲ್ಲ. ಜೀನ್ ಪರೀಕ್ಷೆಯ ಜಾಗವನ್ನು ಈ ತಟ್ಟೆ ತುಂಬುವುದಿಲ್ಲ. ಓಎಸ್‌ಟಿಎಂ1 ಎಂಬ ಇನ್ನೊಂದು ಜೀನ್‌ನ ದೋಷದಲ್ಲೂ ಕೋಶ ಇದ್ದು ಕೊರೆತ ಇರುವುದಿಲ್ಲ, ಆದರೆ ಅಲ್ಲಿ ಮೆದುಳೂ ಕೆಡುತ್ತದೆ, ಕಸಿ ಅದನ್ನು ತಡೆಯುವುದಿಲ್ಲ. ಜೀನ್ ವರದಿಯಲ್ಲಿ ಅರ್ಥವಾಗದ ಬದಲಾವಣೆ ಬಂದಾಗ, ಅಥವಾ ವರದಿ ಬರುವವರೆಗೆ ಕಾಯಲು ಪುರುಸೊತ್ತಿಲ್ಲದಾಗ, ನಮ್ಮ ತಟ್ಟೆ ಉಪಯೋಗಕ್ಕೆ ಬರುತ್ತದೆ. ಒಂದು ಮಗುವಿಗೆ ನಮಗೆ ತಗಲುವ ಖರ್ಚು ಒಂಬತ್ತು ಹತ್ತು ಸಾವಿರ. ಮನೆಯವರಿಂದ ತೆಗೆದುಕೊಳ್ಳುವುದಿಲ್ಲ.

ಇದನ್ನು ನಿಮ್ಮಲ್ಲಿ ಮಾಡುವವರು ಒಂದನ್ನು ಮಾತ್ರ ಬಿಡಬೇಡಿ. ಮಗುವಿನ ರಕ್ತ ತೆಗೆದ ಹೊತ್ತಿಗೇ ಸಂಬಂಧಿಕರಲ್ಲದ ಒಬ್ಬ ಆರೋಗ್ಯವಂತರ ರಕ್ತವನ್ನೂ ಅದೇ ಬಗೆಯ ಟ್ಯೂಬಿಗೆ ತೆಗೆಸಿ, ಅದೇ ಡಬ್ಬಿಯಲ್ಲಿ ತರಿಸಿ, ಅದೇ ತಟ್ಟೆಯಲ್ಲಿ ಕೂರಿಸಿ. ಅವರ ಬಿಲ್ಲೆಯಲ್ಲಿ ಕಾಲುವೆ ಕಾಣದಿದ್ದರೆ ಮಗುವಿನ ಬಗ್ಗೆ ಒಂದು ಸಾಲೂ ಬರೆಯಬೇಡಿ, ಮತ್ತೆ ರಕ್ತ ಕೇಳಿ.