ಲಾಕಪ್‌ನಲ್ಲಿ ಸಾವಾದರೆ ಮನೆಯವರು ಮಾಡಬೇಕಾದ್ದು

ಠಾಣೆಯಿಂದ ಅಂಥ ಫೋನ್ ಬಂದರೆ ಯಾರಿಗೂ ಕೈಕಾಲು ಆಡುವುದಿಲ್ಲ. ಆದರೂ ಮನೆಯವರಲ್ಲಿ ಒಬ್ಬರಾದರೂ ಗಟ್ಟಿಯಾಗಿ ನಿಲ್ಲಬೇಕು, ಯಾಕಂದ್ರೆ ಮೊದಲ ದಿನ ಕೈಬಿಟ್ಟ ಸಾಕ್ಷ್ಯ ಆಮೇಲೆ ಸಿಗುವುದು ಬಹಳ ಕಷ್ಟ.

"ಸಹಿ ಹಾಕಿ, ಬಾಡಿ ತಗೊಂಡು ಹೋಗಿ" ಅಂದರೆ ಅವಸರ ಮಾಡಬೇಡಿ. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 196ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲೇಬೇಕು, ಸಂಬಂಧಿಕರು ಅಲ್ಲಿ ಹಾಜರಿರಬಹುದು. ಪೋಸ್ಟ್‌ಮಾರ್ಟಂ ವಿಡಿಯೋ ಆಗಬೇಕು ಅಂತ ಬರೆದುಕೊಡಿ. ದೇಹವನ್ನು ನೀವೇ ನೋಡಿ: ಅಂಗಾಲು, ಅಂಗೈ, ಮಣಿಕಟ್ಟು, ತೊಡೆಯ ಹಿಂಭಾಗ. ಕಂಡ ಗಾಯ ಮಹಜರಿನಲ್ಲಿ ಇಲ್ಲದಿದ್ದರೆ ಸಹಿ ಬೇಡ. ಬಟ್ಟೆ ಒಗೆಯಬೇಡಿ. ಅನುಮಾನ ಇದ್ದರೆ ದೇಹವನ್ನು ಸುಡಲೂ ಬೇಡಿ, ಮತ್ತೆ ಪರೀಕ್ಷೆ ಬೇಕಾಗಬಹುದು.

ಅದೇ ದಿನ ಸಿಸಿಟಿವಿ ದೃಶ್ಯ ಉಳಿಸಿಡಿ ಅಂತ ಎಸ್‌ಪಿಗೆ (ನಗರವಾದರೆ ಕಮಿಷನರ್‌ಗೆ) ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಆದೇಶಿಸಿದೆ. ಸುಮ್ನೆ ಬಾಯಲ್ಲಿ ಕೇಳಿದರೆ "ಕೆಟ್ಟಿತ್ತು" ಅಂತಾರೆ.

ಯುಡಿಆರ್ (ಅಸಹಜ ಸಾವಿನ ವರದಿ) ಹಾಕಿದ್ದೇವೆ ಅಂದರೆ ಸಮಾಧಾನ ಆಗಬೇಡಿ. ಹೊಡೆತದಿಂದಲೇ ಸಾವು ಅನ್ನೋ ದೂರಿಗೆ ಎಫ್‌ಐಆರ್ ಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ.

ಇನ್ನು ಎಲ್ಲರನ್ನೂ ಹೆದರಿಸುವ ಮಾತು: "ಸರ್ಕಾರದ ಅನುಮತಿ ಇಲ್ಲದೆ ಪೊಲೀಸರ ಮೇಲೆ ಕೇಸು ನಡೆಯಲ್ಲ." ಅರ್ಧ ನಿಜ. ಬಿಎನ್‌ಎಸ್‌ಎಸ್ 218, ಕರ್ನಾಟಕ ಪೊಲೀಸ್ ಕಾಯ್ದೆಯ 170 ಎರಡೂ ಕರ್ತವ್ಯಕ್ಕೆ ಸಂಬಂಧಪಟ್ಟ ಕೆಲಸಕ್ಕೆ ರಕ್ಷಣೆ ಕೊಡುತ್ತವೆ. ಬೆಂಗಳೂರಿನ ಪೊಲೀಸ್ ಅಧಿಕಾರಿ ದೇವರಾಜ ಅವರ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಕರ್ತವ್ಯದ ಜೊತೆ ನಂಟಿದ್ದರೆ ಮಿತಿ ಮೀರಿದ ವರ್ತನೆಗೂ ಅನುಮತಿ ಬೇಕು ಅಂದಿತು. ಆದರೆ ತಪ್ಪೊಪ್ಪಿಗೆಗಾಗಿ ಬಡಿಯುವುದು ಕರ್ತವ್ಯವೇ ಅಲ್ಲ, ಅಲ್ವಾ? ಹಾಗಾಗಿ ದೂರಿನಲ್ಲಿ "ಹಿಂಸೆ ಕೊಟ್ಟರು" ಅಂತಷ್ಟೇ ಬರೆದರೆ ಸಾಲದು. ಎಷ್ಟು ಗಂಟೆಗೆ ಕರೆದೊಯ್ದರು, ಬಂಧನ ದಾಖಲಿಸಿದ್ದರಾ, 24 ಗಂಟೆಯೊಳಗೆ ಕೋರ್ಟಿಗೆ ಹಾಜರುಪಡಿಸಿದರಾ, ಏನು ಒಪ್ಪಿಕೋ ಅಂತ ಒತ್ತಾಯಿಸಿದರು, ಎಲ್ಲ ಬಿಡಿಸಿ ಬರೆಯಿರಿ. ಬಿಎನ್‌ಎಸ್‌ಎಸ್ 218ರ ಅನುಮತಿಗೆ ಹೋದರೂ ಸರ್ಕಾರಕ್ಕೆ 120 ದಿನ ಮಾತ್ರ. ಅಷ್ಟರಲ್ಲಿ ತೀರ್ಮಾನಿಸದಿದ್ದರೆ ಕೊಟ್ಟಂತೆಯೇ.

ಮಾನವ ಹಕ್ಕುಗಳ ಆಯೋಗಕ್ಕೆ ದೂರು ಒಂದು ವರ್ಷದೊಳಗೆ ಹೋಗಬೇಕು. ಪರಿಹಾರಕ್ಕೆ ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ.