‘ಪ್ಯೂರ್ ಕಾಟನ್’ ಅಂದರೆ ನಂಬಬೇಡಿ, ಒಂದು ಎಳೆ ಸುಟ್ಟು ನೋಡಿ

ದಸರಾ ಹತ್ತಿರ ಬಂತೆಂದರೆ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲೂ ವಸ್ತುಪ್ರದರ್ಶನದ ಮಳಿಗೆಗಳಲ್ಲೂ ಒಂದೇ ಮಾತು: ಪ್ಯೂರ್ ಕಾಟನ್, ಆರ್ಗ್ಯಾನಿಕ್, ಹ್ಯಾಂಡ್‌ಲೂಮ್. ಮಣ್ಣಿಗೆ ಒಳ್ಳೆಯದು, ನೇಕಾರರಿಗೂ ನಾಲ್ಕು ಕಾಸು ಸಿಗುತ್ತದೆ ಅಂತ ಜನ ಜಾಸ್ತಿ ದುಡ್ಡು ಕೊಟ್ಟೇ ತಗೊಳ್ಳುತ್ತಾರೆ. ಒಳ್ಳೆಯ ಮನಸ್ಸು, ಆದರೆ ಪರೀಕ್ಷೆ ಮಾಡುವ ರೀತಿ ಮಾತ್ರ ಎಡವಟ್ಟು.

ಮೊದಲು ಲೇಬಲ್ ಓದಿ. ‘ಕಾಟನ್ ಫೀಲ್’, ‘ಕಾಟನ್ ಬ್ಲೆಂಡ್’ ಅಂತ ಇದ್ದರೆ ಅಲ್ಲೇ ಇಟ್ಟು ಬನ್ನಿ.

ಆಮೇಲೆ ಮನೆಗೆ ತಂದು ಸುಟ್ಟು ನೋಡಬೇಕು. ಜನ ಕೆಡಿಸಿಕೊಳ್ಳುವುದು ಇಲ್ಲೇ. ಅಂಚಿನಲ್ಲಿ ಜೋತುಬಿದ್ದ ದಾರವೊಂದನ್ನು ಕಿತ್ತು ಬೆಂಕಿಕಡ್ಡಿ ಗೀರುತ್ತಾರೆ, ಅದು ಕರಗಿ ಗಂಟಾಗುತ್ತದೆ, ‘ಮೋಸ’ ಅಂತ ಅಂಗಡಿಗೆ ಜಗಳಕ್ಕೆ ಹೋಗುತ್ತಾರೆ. ಅದು ಹೊಲಿಗೆ ದಾರ ಕಣ್ರೀ! ಅಪ್ಪಟ ಹತ್ತಿ ಅಂಗಿಯನ್ನೂ ಈಗ ಹೆಚ್ಚಾಗಿ ಪಾಲಿಯೆಸ್ಟರ್ ದಾರದಲ್ಲೇ ಹೊಲಿಯುವುದು. ಅಂಚು ಬಿಚ್ಚದಂತೆ ಹಾಕುವ ಓವರ್‌ಲಾಕ್ ದಾರವೂ ಅಷ್ಟೇ. ನಿಮಗೆ ಬೇಕಿರುವುದು ನೇಯ್ಗೆಯ ಎಳೆ.

ಅಂಗಿಯನ್ನು ಒಳಮಗ್ಗುಲಾಗಿ ತಿರುಗಿಸಿ. ಪಕ್ಕದ ಹೊಲಿಗೆಯಾಚೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರಲ್ಲ, ಅಲ್ಲಿ ಸೂಜಿಯಿಂದ ಉದ್ದದ ಎಳೆ ನಾಲ್ಕೈದು, ಅಡ್ಡದ ಎಳೆ ನಾಲ್ಕೈದು ಬಿಡಿಸಿ. ಉದ್ದದ್ದು ಹಾಸು, ಅಡ್ಡದ್ದು ಹೊಕ್ಕು; ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಹಾಸಿನ ಎಳೆಗೆ ಪಾಲಿಯೆಸ್ಟರ್, ಹೊಕ್ಕಿನ ಎಳೆಗೆ ಹತ್ತಿ ಹಾಕಿ ನೇಯ್ದ ಬಟ್ಟೆಗಳೂ ಇವೆ, ಒಂದನ್ನೇ ಸುಟ್ಟು ನೋಡಿದರೆ ಸುಮ್ನೆ ಖುಷಿಪಟ್ಟುಕೊಳ್ಳುತ್ತೀರಿ. ಸೀರೆಯಾದರೆ ಸೆರಗಿನ ತುದಿಯಲ್ಲಿ ಕುಚ್ಚು ಕಟ್ಟಲು ಬಿಟ್ಟಿರುವುದೆಲ್ಲ ಬರೀ ಹಾಸು. ಹೊಕ್ಕನ್ನು ಅದರ ಪಕ್ಕದಿಂದ ಬೇರೆಯಾಗಿ ಎಳೆಯಬೇಕು.

ಎಳೆಗಳನ್ನು ಹೊಸೆದು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲಿಟ್ಟ ಮೇಣದಬತ್ತಿಯ ಹತ್ತಿರ ನಿಧಾನಕ್ಕೆ ತನ್ನಿ. ಗ್ಯಾಸ್ ಒಲೆ ಬೇಡವೇ ಬೇಡ, ಉರಿ ಜೋರು, ಏನೂ ಕಾಣುವ ಮೊದಲೇ ಎಲ್ಲ ಮುಗಿದಿರುತ್ತದೆ. ಪಕ್ಕದಲ್ಲಿ ಒಂದು ಚೊಂಬು ನೀರಿರಲಿ, ದುಪಟ್ಟಾ ತೆಗೆದಿಡಿ. ಪಾಲಿಯೆಸ್ಟರ್ ಆದರೆ ಉರಿ ತಾಗುವ ಮೊದಲೇ ಮುದುಡಿ ಹಿಂದೆ ಸರಿಯುತ್ತದೆ, ಕರಗುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಹತ್ತಿ ಹಿಂಜರಿಯುವುದಿಲ್ಲ. ಹಳದಿ ಉರಿಯಲ್ಲಿ ಹತ್ತಿಕೊಂಡು, ಬತ್ತಿಯಿಂದ ದೂರ ತಂದರೂ ಉರಿದು, ತುದಿಯಲ್ಲಿ ಕೆಂಡವಾಗಿ ಸ್ವಲ್ಪ ಹೊತ್ತು ಕೂರುತ್ತದೆ. ಕಾಗದ ಸುಟ್ಟ ವಾಸನೆ.

ಇಷ್ಟಕ್ಕೇ ತೀರ್ಪು ಕೊಡಬೇಡಿ. ಎರಡೂ ಬೆರೆಸಿ ತೆಗೆದ ನೂಲು ಕೂಡ ಕಾಗದದ ಹಾಗೆಯೇ ಉರಿಯಬಹುದು. ಪೂರ್ತಿ ತಣ್ಣಗಾದ ಮೇಲೆ ಬೂದಿಯನ್ನು ಬೆರಳಲ್ಲಿ ಉಜ್ಜಿ. ಹತ್ತಿಯ ಬೂದಿ ವಿಭೂತಿಯಂತೆ ನುಣ್ಣಗೆ ಉದುರುತ್ತದೆ. ಬೆರಳಿಗೆ ಹರಳು ಸಿಕ್ಕಿತೋ, ಪಾಲಿಯೆಸ್ಟರ್ ಬೆರೆತಿದೆ.

ಇನ್ನೊಬ್ಬ ಕಳ್ಳ ಇದ್ದಾನೆ, ರೇಯಾನ್. ಅದೂ ಹತ್ತಿಯಂತೆಯೇ ಉರಿಯುತ್ತದೆ, ಬೆಂಕಿಯಿಂದ ಗೊತ್ತಾಗುವುದಿಲ್ಲ. ಒಂದು ಎಳೆಯ ನಡುಭಾಗವನ್ನು ಮಾತ್ರ ಒದ್ದೆ ಮಾಡಿ ಎರಡೂ ತುದಿ ಹಿಡಿದು ಎಳೆಯಿರಿ. ರೇಯಾನ್ ಒದ್ದೆಯಾದ ಕಡೆ ಪಟ್ಟನೆ ತುಂಡಾಗುತ್ತದೆ. ಹತ್ತಿ ನೆನೆದರೆ ಗಟ್ಟಿ, ಒಣಗಿದ ಕಡೆ ಕಡಿಯುತ್ತದೆ. ಮರದ ತಿರುಳಿನಿಂದ ಮಾಡಿದ್ದು ಅಂತ ರೇಯಾನನ್ನು ‘ಇಕೋ’ ಅಂತ ಮಾರುವವರಿದ್ದಾರೆ. ಸಾಮಾನ್ಯ ವಿಸ್ಕೋಸ್ ರೇಯಾನ್ ತಯಾರಿಸಲು ಕಾರ್ಬನ್ ಡೈಸಲ್ಫೈಡ್ ಬೇಕು. ಅದು ಕಾರ್ಮಿಕರ ನರಗಳನ್ನೇ ಹಾಳು ಮಾಡುವ ರಾಸಾಯನಿಕ.

ಹತ್ತಿ ಅಂತ ಖಾತ್ರಿಯಾಯಿತು. ಸಾವಯವ ಹೌದೋ ಅಲ್ಲವೋ ಯಾವ ಬೆಂಕಿಯೂ ಹೇಳುವುದಿಲ್ಲ, ಇಲ್ಲಿ ಕಾಗದಪತ್ರವೇ ಗತಿ. ಬರೀ ‘ಆರ್ಗ್ಯಾನಿಕ್’ ಅಂತ ಕಂದು ಚೀಟಿ ಕಟ್ಟಿದ್ದರೆ ಅದಕ್ಕೆ ಬೆಲೆ ಇಲ್ಲ. ಜಿಒಟಿಎಸ್ (ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣ) ಮುದ್ರೆ ಇದ್ದರೆ ಅದರ ಜೊತೆ ಪ್ರಮಾಣೀಕರಿಸಿದ ಸಂಸ್ಥೆಯ ಹೆಸರು, ಲೈಸೆನ್ಸ್ ನಂಬರ್ ಇರಲೇಬೇಕು. ಆ ನಂಬರನ್ನು ಜಿಒಟಿಎಸ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ‘ಆರ್ಗ್ಯಾನಿಕ್’ ಅಂದರೆ ಕನಿಷ್ಠ 95% ಸಾವಯವ ನೂಲು, ‘ಮೇಡ್ ವಿತ್ ಆರ್ಗ್ಯಾನಿಕ್’ ಅಂದರೆ 70% ಇದ್ದರೆ ಸಾಕು. 2020ರಲ್ಲಿ ನಮ್ಮ ದೇಶದಲ್ಲೇ ನಕಲಿ ಪ್ರಮಾಣಪತ್ರಗಳ ದೊಡ್ಡ ಹಗರಣ ಹೊರಬಿದ್ದಿತ್ತು, ಹಾಗಾಗಿ ನಂಬರ್ ನೋಡುವುದಕ್ಕೆ ಸೋಮಾರಿತನ ಬೇಡ.

ಖಾದಿ ಅಂದರೆ ಕೈಯಲ್ಲಿ ನೂತು ಕೈಯಲ್ಲೇ ನೇಯ್ದದ್ದು, ಕೈಮಗ್ಗದ ಬಟ್ಟೆಗೆ ಗಿರಣಿಯ ನೂಲೂ ನಡೆಯುತ್ತದೆ. ಮೊದಲನೆಯದಕ್ಕೆ ಖಾದಿ ಮಾರ್ಕ್, ಎರಡನೆಯದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ನೋಡಿ. ನನ್ನನ್ನು ಕೇಳಿದರೆ ಮಾಲ್ ಬಿಡಿ, ಮೇಲುಕೋಟೆಗೆ ಹೋಗಿ. ಅಲ್ಲಿನ ಜನಪದ ಸೇವಾ ಟ್ರಸ್ಟ್‌ನ ಬಟ್ಟೆ ಕೊಳ್ಳಿ. ಅಥವಾ ನಂಜನಗೂಡು ತಾಲ್ಲೂಕಿನ ಬದನವಾಳು. ಗಾಂಧೀಜಿ ಭೇಟಿ ಕೊಟ್ಟಿದ್ದ ಖಾದಿ ಕೇಂದ್ರ ಅದು, 2015ರಲ್ಲಿ ರಂಗಕರ್ಮಿ ಪ್ರಸನ್ನ ಸತ್ಯಾಗ್ರಹಕ್ಕೆ ಕೂತದ್ದೂ ಅಲ್ಲೇ.

ಇನ್ನು ಬೆಲೆ. ಎಚ್.ಡಿ. ಕೋಟೆ ಕಡೆ ಹತ್ತಿ ಬೆಳೆಯುತ್ತಾರೆ, ಗೊತ್ತಲ್ವಾ. 2025-26ಕ್ಕೆ ಮಧ್ಯಮ ಎಳೆಯ ಹತ್ತಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,710 ರೂಪಾಯಿ, ಅಂದರೆ ಕಿಲೋಗೆ 77. ಬೀಜ ತೆಗೆದರೆ ಅರಳೆ ಸಿಗುವುದು ಮೂರನೇ ಒಂದು ಭಾಗ. ಕಾಲು ಕಿಲೋ ತೂಗುವ ಅಂಗಿಗೆ, ನೂಲುವಾಗ ಹಾಳಾಗುವುದೂ ಸೇರಿ, ಹೆಚ್ಚೆಂದರೆ ಒಂದು ಕಿಲೋ ಹತ್ತಿ. ಹಾಗಾದರೆ ಸಾವಿರದೈನೂರರ ಅಂಗಿಯಲ್ಲಿ ರೈತನ ಪಾಲು ಎಂಬತ್ತು ರೂಪಾಯಿಯೂ ಇಲ್ಲ. ಬೀಜ, ಗೊಬ್ಬರ, ಔಷಧಿ, ಬಿಡಿಸುವ ಕೂಲಿ ಎಲ್ಲ ಅದರಲ್ಲೇ. ಈಗ 299ರ ಅಂಗಿಯ ಲೆಕ್ಕ ನೀವೇ ಹಾಕಿ: ನೂಲು, ನೇಯ್ಗೆ, ಬಣ್ಣ, ಸಾಗಣೆ, ಅಂಗಡಿ ಬಾಡಿಗೆ ಕಳೆದರೆ ಹೊಲಿದ ಹೆಂಗಸಿಗೆ ಏನು ಉಳಿಯುತ್ತದೆ? ಮದ್ದೂರು, ಶ್ರೀರಂಗಪಟ್ಟಣದ ಕಡೆ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ ಹತ್ತುವವರನ್ನು ಕೇಳಿದರೆ ಇಷ್ಟು ಹೊಲಿದು ಮುಗಿಸಲೇಬೇಕು ಅನ್ನುವ ಪೀಸ್ ಟಾರ್ಗೆಟ್ ಎಂಥದ್ದು ಅಂತ ಹೇಳುತ್ತಾರೆ. ಅಗ್ಗದ ಅಂಗಿ ಮೂರರ ಬದಲು ಸರಿಯಾದದ್ದು ಒಂದೇ ತಗೊಳ್ಳಿ, ಹಳೆಯದಕ್ಕೆ ಗುಂಡಿ ಹಾಕಿಸಿ.

ಒಗೆಯುವುದು ಸುಲಭ: ಮೊದಲ ಸಲ ಬೇರೆಯಾಗಿ, ತಣ್ಣೀರಲ್ಲಿ, ಒಳಮಗ್ಗುಲಾಗಿ ತಿರುಗಿಸಿ ನೆರಳಲ್ಲಿ ಒಣಗಿಸಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವುದು ಸುಳ್ಳು, ಉಪ್ಪು ದಂಡ. ಥಾನಿನಿಂದ ಖಾದಿ ಕತ್ತರಿಸಿ ತಂದಿದ್ದರೆ ಟೈಲರ್‌ಗೆ ಕೊಡುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿಡಿ, ಕಾಲು ಮೀಟರ್ ಜಾಸ್ತಿಯೇ ತಗೊಂಡಿರಿ, ಅದು ಕುಗ್ಗುತ್ತದೆ.